ಕುಂಬಾರನು ಕೇಳಿಸಿದ ದನಿ

ಶಿಷ್ಯನಾದ ಚನ್ನವೀರನು ಕೈಯಲ್ಲಿ ಫೋನು ಹಿಡಿದುಕೊಂಡೇ ಗುರುಗಳ ಮುಂದೆ ಕುಳಿತು ಕೇಳಿದನು: “ಬುದ್ಧಿ, ಹೆಸರನ್ನು ಕಾಪಾಡಿಕೊಳ್ಳುವುದು ಹೇಗೆ? ನಮ್ಮ ವಿದ್ಯಾರ್ಥಿನಿಲಯದಲ್ಲಿ ಇದ್ದು ಹೋದ ಹುಡುಗಿಯೊಬ್ಬಳು ಮಠದ ಮೇಲೆ ವಿಡಿಯೊ ಹಾಕಿದ್ದಾಳೆ. ಎರಡೇ ದಿನದಲ್ಲಿ ನಾಲ್ಕು ಲಕ್ಷ ಜನ ನೋಡಿದ್ದಾರೆ. ಪತ್ರಿಕೆಯವರು ಫೋನು ಮಾಡುತ್ತಿದ್ದಾರೆ. ಭಕ್ತರು ಏನೆಂದುಕೊಂಡಾರು? ನಾಲ್ಕು ಲಕ್ಷ ಜನ, ಬುದ್ಧಿ. ಅಪ್ಪಣೆಯಾದರೆ ಈ ದಿನವೇ ಒಂದು ಹೇಳಿಕೆ ಕೊಡುತ್ತೇನೆ.”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದನು. ಅವನ ಮನೆತನದಲ್ಲಿ ಒಂದು ರೂಢಿಯಿತ್ತು. ಮಡಕೆಯನ್ನು ಮಾರುವಾಗ ಅದನ್ನು ಕೊಳ್ಳುವವರ ಕಿವಿಯ ಬಳಿ ಹಿಡಿದು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಬೇಕು. ಚೆನ್ನಾಗಿ ಬೆಂದ ಮಡಕೆ ಗಂಟೆಯಂತೆ ದನಿ ಕೊಡುತ್ತದೆ. ಬೇಯದ್ದು ಮಂಕಾಗಿ ಸದ್ದು ಮಾಡುತ್ತದೆ. ದನಿ ಕೇಳಿಸದೆ ಅವನ ತಂದೆ ಒಂದು ಕುಡಿಕೆಯನ್ನೂ ಯಾರಿಗೂ ಕೊಟ್ಟವನಲ್ಲ.

ತಂದೆ ತೀರಿಕೊಂಡನು. ಕಾಲ ಬದಲಾಯಿತು. ಮಗನು ಮಡಕೆಗಳ ಚಿತ್ರಗಳನ್ನು ಫೋನಿನಲ್ಲಿ ಹಾಕಿದನು. ದೂರದೂರುಗಳಿಂದ ಬೇಡಿಕೆ ಬಂದಿತು. ಮಡಕೆಗಳು ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಹೊರಟವು. ಕೊಳ್ಳುವವರು ಎದುರಿಗಿರಲಿಲ್ಲವಾದ್ದರಿಂದ ತಟ್ಟುವ ರೂಢಿಯೂ ನಿಂತುಹೋಯಿತು. ಅವನು ಅದನ್ನು ಬೇಕೆಂದು ಬಿಟ್ಟಿರಲಿಲ್ಲ. ಯಾರ ಕಿವಿಗೆಂದು ತಟ್ಟುವುದು ಎಂಬುದು ಅವನಿಗೆ ತೋಚಿರಲಿಲ್ಲ, ಅಷ್ಟೆ.

ಒಂದು ದಿನ ಬೇರೆ ಊರಿನ ಹೆಂಗಸೊಬ್ಬಳು ಅವನ ಮಡಕೆಯ ವಿಡಿಯೊ ಹಾಕಿದಳು. ನೀರು ತುಂಬಿದ ಮರುದಿನವೇ ಅದರ ತಳ ಮೆತ್ತಗಾಗಿ ಕಳಚಿತ್ತು. ಉಳಿದ ಭಾಗವನ್ನು ಅವಳು ತಟ್ಟಿ ಕೇಳಿಸಿದ್ದಳು. ಸಾವಿರಾರು ಜನ ಕೇಳಿದರು. ಕುಂಬಾರನೇ ಮೋಸಗಾರನೆಂದರು ಕೆಲವರು. ಅವಳೇ ಬೀಳಿಸಿ ಒಡೆದಿರಬೇಕೆಂದರು ಕೆಲವರು. ಬೇಡಿಕೆಗಳು ಒಂದೊಂದಾಗಿ ರದ್ದಾದವು. ಹೀಗೆಯೇ ಮುಂದುವರಿದರೆ ಮಡಕೆ ಮಾಡುವ ತಿಗುರಿಯನ್ನು ಅಟ್ಟಕ್ಕೆ ಹಾಕಬೇಕಾದೀತೆಂದು ಅವನು ಹೆದರಿದನು.

ಆಗ ಅವನು ಪಟ್ಟಣದಿಂದ ಒಬ್ಬನನ್ನು ಕರೆಸಿದನು. ಜನರ ಹೆಸರು ಕೆಡದಂತೆ ನೋಡಿಕೊಳ್ಳುವುದೇ ಆತನ ಕಸುಬು. ಪರಿಚಯದವರಿಂದ ಹೊಗಳಿಕೆ ಬರೆಸಬೇಕು, ಪತ್ರಿಕೆಗಳಿಗೆ ಸುದ್ದಿ ಕಳಿಸಬೇಕು, ಆ ಹೆಂಗಸಿಗೆ ವಕೀಲರಿಂದ ನೋಟಿಸು ಕೊಡಿಸಬೇಕು ಎಂದು ಆತನು ಹೇಳಿದನು. ಅದಕ್ಕೂ ಮೊದಲು ಮಡಕೆಯ ದನಿಯನ್ನೇ ಜನರಿಗೆ ಕೇಳಿಸೋಣವೆಂದು ಫೋನನ್ನು ಎದುರಿಗಿಟ್ಟನು.

ಆ ಹೆಂಗಸಿನ ಮಡಕೆಯೊಡನೆ ಅದೇ ಆವಿಗೆಯ ಬೆಂಕಿಯಲ್ಲಿ ಬೆಂದ ನಲವತ್ತು ಮಡಕೆಗಳು ಕಳಿಸಲು ಸಿದ್ಧವಾಗಿದ್ದವು. ಕುಂಬಾರನು ಒಂದನ್ನು ತೆಗೆದು ತಟ್ಟಿದನು. ದನಿ ಮಂಕಾಗಿತ್ತು.

ಪಟ್ಟಣದವನು, “ಅದನ್ನು ಆಚೆಗಿಡಿ, ಯಜಮಾನರೆ. ಬೇರೊಂದು ತಟ್ಟಿ. ಎಷ್ಟನೆಯದು ಮೊಳಗಿತೆಂದು ನೋಡುವವರಿಗೇನು ಗೊತ್ತು?” ಎಂದನು.

ಎರಡನೆಯದು ಗಂಟೆಯಂತೆ ಮೊಳಗಿತು. ಇಷ್ಟು ಸಾಕೆಂದು ಆತನು ಫೋನನ್ನು ಎತ್ತಿಕೊಳ್ಳಹೋದನು. ಕುಂಬಾರನು ಅದನ್ನು ಅಲ್ಲೇ ಬಿಡುವಂತೆ ಹೇಳಿ ಮೂರನೆಯದನ್ನು ತೆಗೆದನು. ಹುಲ್ಲು ಕಿತ್ತು, ಒಂದೊಂದನ್ನೇ ತನ್ನ ಕಿವಿಗೆ ಹಿಡಿದು, ನಲವತ್ತನ್ನೂ ತಟ್ಟಿದನು. ಹನ್ನೊಂದು ಮಡಕೆಗಳ ದನಿ ಮಂಕಾಗಿತ್ತು. ಆವಿಗೆಯ ಒಂದು ಮಗ್ಗುಲಿಗೆ ಉರಿ ಹತ್ತಿರಲಿಲ್ಲ. ಆ ಹನ್ನೊಂದನ್ನೂ ಅವನು ಅಲ್ಲಿಯೇ ಒಡೆದನು. ಆ ವಿಡಿಯೊವನ್ನು ಏನೂ ಕತ್ತರಿಸದೆ ಹಾಕಿಸಿದನು. ಪಟ್ಟಣದವನು ತಲೆ ಚಚ್ಚಿಕೊಂಡು ಬಸ್ಸು ಹತ್ತಿದನು.

ಮರುದಿನ ಕುಂಬಾರನು ಒಂದು ಮಡಕೆಯನ್ನು ಹೆಗಲ ಮೇಲಿಟ್ಟುಕೊಂಡು ಆ ಹೆಂಗಸಿನ ಮನೆಗೆ ಹೋದನು. ಜಗಳಕ್ಕೆ ಬಂದನೆಂದು ತಿಳಿದ ಅವಳು ಬಾಗಿಲಲ್ಲೇ ನಿಂತು, “ಮಡಕೆಯನ್ನೇನೋ ಕಳಿಸಿದೆ, ಕುಂಬಾರಣ್ಣ. ತಟ್ಟಿ ನೋಡುವ ಕೈಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕಿತ್ತು” ಎಂದಳು.

ಕುಂಬಾರನು ಮಡಕೆಯನ್ನು ಅವಳ ಕಿವಿಯ ಬಳಿ ಹಿಡಿದು ಮೂರು ಸಲ ತಟ್ಟಿದನು. ಬಳಿಕ ಅದನ್ನು ಅವಳ ಕೈಗಿತ್ತು ಕೈಮುಗಿದನು.

“ಹನ್ನೊಂದು ಮನೆಗಳಲ್ಲಿ ನೀರು ಚೆಲ್ಲುವುದನ್ನು ನೀನೊಬ್ಬಳೇ ತಪ್ಪಿಸಿದೆ, ತಾಯಿ. ಅಪ್ಪ ಹೋದ ಮೇಲೆ ನನ್ನ ಮಡಕೆಗೆ ಕಿವಿಗೊಟ್ಟವಳು ನೀನೇ. ಈ ಋಣ ದೊಡ್ಡದು” ಎಂದನು.

ಅವಳು ಒಳಗೆ ಹೋಗಿ ಹೊಸ ಮಡಕೆಯನ್ನು ತೊಳೆದು ನೀರು ತುಂಬಿದಳು. ಅದರ ಮೊದಲ ಲೋಟ ನೀರನ್ನು ಅವನಿಗೇ ಕೊಟ್ಟಳು.

ಅವಳು ಹಾಕಿದ ವಿಡಿಯೊ ಹಾಗೆಯೇ ಉಳಿಯಿತು. ತೆಗೆಯೆಂದು ಅವನು ಕೇಳಲಿಲ್ಲ. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ಅಂದಿನಿಂದ ಪೆಟ್ಟಿಗೆ ಮುಚ್ಚುವ ಮುನ್ನ ಅವನು ಕೊಂಡವರಿಗೆ ಫೋನು ಮಾಡಿ ಮಡಕೆಯನ್ನು ಮೂರು ಸಲ ತಟ್ಟಿ ಕೇಳಿಸುತ್ತಾನೆ. ತಟ್ಟುವಾಗಲೆಲ್ಲ ಮೊದಲು ತಂದೆಯನ್ನು, ಆಮೇಲೆ ಆ ಹೆಂಗಸನ್ನು ನೆನೆಯುತ್ತಾನೆ.

ಕತೆ ಮುಗಿಯಿತು. ಕುಂಬಾರನು ಒಳ್ಳೆಯವನೇ, ಆದರೆ ಅವನ ಮಡಕೆಯಲ್ಲಿ ನಿಜವಾಗಿಯೂ ದೋಷವಿತ್ತು, ನಮ್ಮ ಸಂಗತಿ ಬೇರೆ ಎಂದು ಚನ್ನವೀರನು ವಿನಯದಿಂದಲೇ ಅರಿಕೆ ಮಾಡಿದನು. ನಾಲ್ಕು ಲಕ್ಷ ಜನಕ್ಕೆ ಉತ್ತರ ಹೇಳಬೇಕಲ್ಲವೇ ಎಂದೂ ಕೇಳಿದನು.

ಗುರುಗಳು ಹೇಳಿದರು: “ಎಷ್ಟು ಜನ ನೋಡಿದರೆಂದು ಮೂರು ಸಲ ಹೇಳಿದೆ ಮಗು, ಆ ಹುಡುಗಿ ಏನು ಹೇಳಿದಳೆಂದು ಒಮ್ಮೆಯೂ ಹೇಳಲಿಲ್ಲ.”

ಚನ್ನವೀರನು ಕೈಯಲ್ಲಿದ್ದ ಫೋನಿನಲ್ಲಿ ಆ ಹುಡುಗಿಯ ವಿಡಿಯೊ ತೆರೆದು ಕಿವಿಗೆ ಹಿಡಿದನು.