ಜಿಂಕೆ ಅಳೆದ ರಸ್ತೆ

ಪೇಟೆಯ ದೊಡ್ಡ ರಸ್ತೆ ದಾಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಕೆಲಸ ಜಿಂಕೆಗೆ ಸಿಕ್ಕಿತ್ತು. ಅದು ನಾಲ್ಕೇ ನೆಗೆತಕ್ಕೆ ದಾಟಿ, "ಹತ್ತು ಎಣಿಸುವಷ್ಟು ಹೊತ್ತು ಹಸಿರು ದೀಪ ಉರಿದರೆ ಸಾಕು," ಎಂದು ಬರೆದುಕೊಟ್ಟಿತು.

ದೀಪವನ್ನು ಹಾಗೆಯೇ ಹೊಂದಿಸಿದರು. ಅಷ್ಟು ಹೊತ್ತಿನಲ್ಲಿ ಆಮೆಯಜ್ಜಿ ರಸ್ತೆಯ ಕಾಲುಭಾಗವನ್ನಷ್ಟೇ ದಾಟುತ್ತಿದ್ದಳು. ಉಳಿದದ್ದನ್ನು ಬಸ್ಸುಗಳಿಗೆ ಮುಂಗಾಲು ತೋರಿಸಿ, "ತಡಿಯಪ್ಪಾ, ತಡಿ," ಎನ್ನುತ್ತ ಜೀವ ಕೈಯಲ್ಲಿ ಹಿಡಿದು ದಾಟಬೇಕಿತ್ತು. ದೂರು ಹೇಳಿದರೆ ಜಿಂಕೆ, "ಸ್ವಲ್ಪ ಬೇಗ ಹೆಜ್ಜೆ ಹಾಕಬೇಕಜ್ಜಿ," ಎನ್ನುತ್ತಿತ್ತು.

ಒಂದು ದಿನ ಜಿಂಕೆ ಕಾಲು ಉಳುಕಿಸಿಕೊಂಡು, ಕುಂಟುತ್ತ ಬಂದು ಅಜ್ಜಿಯ ಪಕ್ಕದಲ್ಲೇ ನಿಂತಿತು. "ಅಜ್ಜಿ, ಇಷ್ಟರಲ್ಲಿ ದಾಟುವುದು ಹೇಗೆ?" ಎಂದು ಕೇಳಿತು.

"ನನ್ನ ಬೆನ್ನು ಹಿಡಿದುಕೊಂಡು ಬಾ ಮಗಾ," ಎಂದಳು ಆಮೆಯಜ್ಜಿ. "ಹತ್ತು ಎಣಿಸುವಷ್ಟು ಹೊತ್ತು ಸಾಕಂತೆ. ಯಾರೋ ಪುಣ್ಯಾತ್ಮರು ಅಳೆದಿಟ್ಟಿದ್ದಾರೆ."