ದವಡೆಪ್ಪನ ಬಾಯಿಕಟ್ಟು

ಪಣ ಇಷ್ಟೇ: ಹಗ್ಗ ಹರಿದರೆ ನೀರುನಾಯಿ, ಅದರ ಮರಿ ಎರಡೂ ಮೊಸಳೆಯ ಪಾಲು. ಹರಿಯದಿದ್ದರೆ ಮೊಸಳೆ ಮಡು ಬಿಟ್ಟು ಹೋಗಬೇಕು. ಈ ಪಣ ಹೇಗೆ ಬಂತೆಂದು ಕೇಳಿ ಮಕ್ಕಳೇ.

ಕಾಡಿನ ನಡುವೆ, ನೀರು ಧುಮ್ಮಿಕ್ಕುವ ಅಬ್ಬಿಯೊಂದರ ನೆತ್ತಿಯ ಮೇಲೆ, ಆಳವಾದ ಮಡುವಿತ್ತು. ಅಲ್ಲಿ ದವಡೆಪ್ಪನೆಂಬ ಮೊಸಳೆಯದೇ ದರ್ಬಾರು. ಕಾಡುಹಂದಿಯ ಮೂಳೆಯನ್ನು ಹಪ್ಪಳದಂತೆ ಮುರಿದು, "ನನ್ನ ದವಡೆಯ ಬಲ ನೋಡಿದಿರಾ?" ಎಂದು ಕೇಳುವುದು ಅವನ ಚಟ. ಎಲ್ಲರೂ "ನೋಡಿದೆವು" ಎನ್ನುತ್ತಲೇ ದಡ ಹತ್ತುತ್ತಿದ್ದರು.

ಒಂದು ದಿನ ನೀರುನಾಯಿ ಸುಳಿಯವ್ವ ಮೀನು ಹಿಡಿದು ಮರಳಿದಾಗ ದವಡೆಪ್ಪ ಅವಳ ಬಿಲದ ಬಾಯಿಗೇ ಮೂತಿಯಿಟ್ಟು ಮಲಗಿದ್ದ. ಒಳಗೆ ಮರಿ ಕುಂಯ್‌ಗುಟ್ಟುತ್ತಿತ್ತು.

"ನನಗೇನೂ ಅವಸರವಿಲ್ಲ ತಾಯಿ. ಹಸಿವಾದರೆ ತಾನೇ ಹೊರಗೆ ಬರುತ್ತದೆ," ಎಂದ.

ಸುಳಿಯವ್ವನ ಬಾಯಿಂದ ಮೀನು ಜಾರಿತು. ಅಳಲು ಹೊತ್ತಿರಲಿಲ್ಲ. ಹಿಂದೊಮ್ಮೆ ತಾವರೆ ದಂಟು ಮೂತಿಗೆ ಸುತ್ತಿಕೊಂಡಾಗ ಇದೇ ದವಡೆಪ್ಪ ಬಾಯಿ ತೆರೆಯಲಾರದೆ ಸಂಜೆಯವರೆಗೆ ಒದ್ದಾಡಿದ್ದನ್ನು ಅವಳು ನೋಡಿದ್ದಳು.

"ದವಡೆಪ್ಪಣ್ಣ, ಒಂದು ಮರಿಗಾಗಿ ಇಷ್ಟು ಕಾಯುತ್ತೀಯಾ? ನಾರಿನ ಹಗ್ಗದಿಂದ ನಿನ್ನ ಮೂತಿ ಕಟ್ಟುತ್ತೇನೆ. ಬಾಯಿ ತೆರೆದು ಹರಿ. ಹರಿದರೆ ನಾನೂ ನಡೆದು ಬಂದು ನಿನ್ನ ಹಲ್ಲಿಗೆ ಬೀಳುತ್ತೇನೆ."

"ಹರಿಯದಿದ್ದರೆ?"

"ಅಬ್ಬಿ ಇಳಿದು ಹೋಗು."

ದಡದಲ್ಲಿದ್ದ ಆಮೆ ಚಿಪ್ಪಜ್ಜ ಕತ್ತು ಹೊರಹಾಕಿ ಗೊಣಗಿದ. "ಕಚ್ಚುವುದೇ ಬೇರೆ, ತೆರೆಯುವುದೇ ಬೇರೆ ಕಣಪ್ಪ."

ಸುಳಿಯವ್ವನ ಎದೆ ಧಸಕ್ಕೆಂದಿತು. ಅಜ್ಜ ಎಲ್ಲ ಕೆಡಿಸಿದ ಅಂದುಕೊಂಡಳು.

ದವಡೆಪ್ಪ ನಕ್ಕ. "ಎರಡಕ್ಕೂ ಇರುವುದು ಒಂದೇ ಬಾಯಿ ತಾನೇ? ಅಜ್ಜನ ಬುದ್ಧಿಗೂ ಪಾಚಿ ಹಿಡಿದಿದೆ. ಕಟ್ಟಮ್ಮ ನೀನು."

ಅವಳು ಕತ್ತಾಳೆ ಜಜ್ಜಿ ನಾರು ತೆಗೆದಳು. ಒಂದೊಂದು ಎಳೆ ಬೆರಳಿಗೇ ಹರಿಯುವಂಥದ್ದು. ಎಳೆ ಕೂಡಿಸಿ ಹುರಿ ಮಾಡಿದಳು, ಹುರಿ ಕೂಡಿಸಿ ಹಗ್ಗ ಹೊಸೆದಳು. ನಿಮ್ಮ ತೋಳಿನ ಸ್ನಾಯುವೂ ಹೀಗೇ ಎಳೆಗಳ ಕಟ್ಟು ಮಕ್ಕಳೇ.

ಮೂತಿಗೆ ಹಗ್ಗ ಸುತ್ತುವಾಗ ಅವನ ಉಸಿರಿನ ಕೊಳೆತ ನಾತ ಅವಳ ಮುಖಕ್ಕೆ ಹೊಡೆಯಿತು. ಹಲ್ಲುಗಳು ಮೈಗೆ ತಾಗಿದವು. ಕೈಗೆ "ನಡೆ" ಎಂದಳು, ಕೈ ಕೇಳಿತು. ಎದೆಗೆ "ಸುಮ್ಮನಿರು" ಎಂದಳು. ಅದು ತನ್ನ ಪಾಡಿಗೆ ಡವಡವ ಬಡಿಯಿತು. ಕರುಳು ತಿರುಚಿಕೊಂಡೇ ಇತ್ತು. ಎದೆಯ ಸ್ನಾಯು, ಕರುಳಿನ ಸ್ನಾಯು ಯಾರ ಅಪ್ಪಣೆಗೂ ಕಾಯುವುದಿಲ್ಲ. ಕಾಯುವಂತಿದ್ದರೆ ನಿದ್ದೆಯಲ್ಲಿ ನಾವು ಯಾರೂ ಬದುಕುತ್ತಿರಲಿಲ್ಲ.

ಗಂಟು ಬಿಗಿದು ಹಿಂದಕ್ಕೆ ಹಾರಿದಳು. ದವಡೆಪ್ಪ ಬಾಯಿ ತೆರೆಯಲು ಹೋದ. ಕತ್ತು ಉಬ್ಬಿಸಿದ, ಬಾಲ ಬಡಿದ, ನೀರೆಲ್ಲ ಕೆಸರಾಯಿತು. ಹಗ್ಗ ಕಿರ್ರೆಂದಿತು. ಒಂದು ಎಳೆ ಹರಿಯಿತು. ಸುಳಿಯವ್ವ ಕಣ್ಣು ಮುಚ್ಚಿಕೊಂಡಳು.

ಉಳಿದ ಎಳೆಗಳು ಹಿಡಿದು ನಿಂತವು.

ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬಾರದು. ಅದಕ್ಕೇ ನಮ್ಮ ಕೈ ಮಡಿಸಲು ಒಂದು, ಚಾಚಲು ಇನ್ನೊಂದು. ಮೊಸಳೆಗೆ ಬಾಯಿ ಮುಚ್ಚುವ ಸ್ನಾಯು ಬಂಡೆಯಷ್ಟು ದಪ್ಪ, ತೆರೆಯುವುದು ಬಡಕಲು. ದವಡೆಪ್ಪ ಪಣಕ್ಕಿಟ್ಟದ್ದು ಆ ಬಡಕಲನ್ನು.

"ಊಂ, ಊಂ," ಎಂದ ದವಡೆಪ್ಪ.

"ಬಿಚ್ಚು ಅಂತಿದ್ದಾನೆ," ಎಂದ ಚಿಪ್ಪಜ್ಜ.

"ಬಿಚ್ಚುವ ಮಾತು ಆಗಿರಲಿಲ್ಲವಲ್ಲ ಅಜ್ಜ. ಇಲ್ಲಿ ಎಲ್ಲ ನುಣುಪು ಬಂಡೆ. ಅಬ್ಬಿಯ ಕೆಳಗೆ ಚೂಪು ಕಲ್ಲುಗಳಿವೆ, ಉಜ್ಜಿಕೊಳ್ಳಲಿ. ಹಗ್ಗ ಹರಿಯುತ್ತದೆ. ಆದರೆ ಅಬ್ಬಿ ಹತ್ತಿ ಬರುವುದು ಅವನಿಂದಾಗದು."

ಹಸಿವು ಅವನನ್ನು ಮಡುವಿನ ಅಂಚಿನವರೆಗೂ ತಳ್ಳಿತು. ಕೆಳಗೆ ನೀರು ಸಿಡಿದ ಸದ್ದು ಕೇಳಿದ ಮೇಲೆಯೇ ಸುಳಿಯವ್ವ ಮರಿಯನ್ನು ಹೊರಗೆ ಕರೆದಳು. ಅವಳ ಎದೆ ಇನ್ನೂ ಬಡಿಯುತ್ತಲೇ ಇತ್ತು.

ಲೆಕ್ಕ ನೋಡಿದರೆ, ಅವಳ ಕೈಯಿಂದ ಹೋದದ್ದು ಹಿಡಿ ನಾರು. ಉಳಿದದ್ದು ಮರಿ. ಲಾಭಕ್ಕೆ ಬಂದದ್ದು ಇಡೀ ಮಡು.

ನೀತಿ: ತನ್ನ ಬಲ ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ತಿಳಿಯದವನು ಅದನ್ನು ಪಣಕ್ಕಿಡಬಾರದು.