ಅರ್ಧ ಮೀಸೆಯ ಆಜ್ಞೆ

ಕಿರುಗುಂದ ರಾಜ್ಯ ಎಷ್ಟು ದೊಡ್ಡದೆಂದರೆ, ದೊರೆ ಬಂಕರಸ ಅರಮನೆಯಲ್ಲಿ ಸೀನಿದರೆ ಗಡಿಯ ಕಾವಲುಗಾರ "ಚಿರಾಯು" ಎನ್ನುತ್ತಿದ್ದ. ದೊರೆಯ ಮೀಸೆ ಮಾತ್ರ ಒಂದು ಸಾಮ್ರಾಜ್ಯಕ್ಕೆ ಸಾಲುವಷ್ಟಿತ್ತು. ಆ ಮೀಸೆಯ ಸಮೇತ ತನ್ನ ಮುಖದ ಅಚ್ಚು ಹಾಕಿಸಿ ಅವನು ಹೊಸ ನಾಣ್ಯ ಹೊರಡಿಸಿದ್ದ. ಅದರ ಹೆಸರು ಬಂಕಹಣ.

"ಸೂರ್ಯ ಬೆಳಗುವ ಕಡೆಯೆಲ್ಲ ನನ್ನ ನಾಣ್ಯ ನಡೆಯುತ್ತದೆ!" ಎಂದು ಒಂದು ದಿನ ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡ. ಮರುದಿನವೇ ಅವನು ಹೆಣ್ಣು ನೋಡಲು ಪಡುವಲಪಟ್ಟಣದ ರಾಜ್ಯಕ್ಕೆ ಹೊರಡುವವನಿದ್ದ.

ಆಸ್ಥಾನದ ಜಾಣ ಮಾಯಣ್ಣ ಎದ್ದು ನಿಂತ. "ಪ್ರಭು, ಅಲ್ಲಿ ಪಲ್ಲಕ್ಕಿ ಹೊರುವವರು, ಎಣ್ಣೆ ತಿಕ್ಕುವವರು, ನೀರು ಹೊಯ್ಯುವವರು, ಎಲ್ಲರ ಕೈಗೂ ಏನಾದರೂ ಹಾಕಬೇಕಾಗುತ್ತದೆ. ಗಡಿಯಲ್ಲೇ ಒಂದಿಷ್ಟು ಅವರ ಕಾಸು ಬದಲಿಸಿಕೊಂಡುಬಿಡೋಣ."

ದೊರೆಗೆ ಸಿಟ್ಟು ನೆತ್ತಿಗೇರಿತು. "ನನ್ನ ಮುಖ ಇರುವಾಗ ಇನ್ನೊಬ್ಬನ ಮುಖ ಕೊಡಲೆ? ಇದೋ ಆಜ್ಞೆ! ಇನ್ನು ಮೇಲೆ ನಮ್ಮವರು ಯಾರೇ ಆಗಲಿ, ಪರದೇಶದ ಕಾಸು ಮುಟ್ಟಿದರೆ ಅರ್ಧ ಮೀಸೆ ಬೋಳಿಸಲಾಗುತ್ತದೆ!"

"ಅರ್ಧವೇ ಯಾಕೆ ಪ್ರಭು?"

"ಪೂರ್ತಿ ಬೋಳಿಸಿದರೆ ಹರಕೆ ಅಂದುಕೊಳ್ಳುತ್ತಾರೆ. ಅರ್ಧ ಬೋಳಿಸಿದರೆ ನಗುತ್ತಾರೆ."

ಮಾಯಣ್ಣ ತನ್ನ ಮೀಸೆಯನ್ನು ಒಮ್ಮೆ ಸವರಿಕೊಂಡು ಕೂತ.

ಗಡಿ ದಾಟಿದ ಮೇಲೆ ಪಲ್ಲಕ್ಕಿ ಹೊತ್ತವರು ಪಡುವಲದ ಆಳುಗಳು. ಬಿಡಾರ ತಲುಪಿದಾಗ ದೊರೆ ತಲೆಗೊಂದು ಬಂಕಹಣ ಎಸೆದ, ಊರನ್ನೇ ಬರೆದುಕೊಟ್ಟವನ ಗತ್ತಿನಲ್ಲಿ. ಅವರು ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಗಳಿಗೆ ಕುಂಟೆಬಿಲ್ಲೆ ಆಡೋಕಾಯ್ತು" ಎಂದು ಒಬ್ಬ ಗೊಣಗಿದ. ಉಳಿದವರು ಕೆಂಪಾದ ಭುಜ ಉಜ್ಜಿಕೊಳ್ಳುತ್ತ ಹೋದರು. ಮಾಯಣ್ಣನಿಗೆ ಅವರ ಮುಖ ನೋಡಲು ನಾಚಿಕೆಯಾಯಿತು.

ಅಷ್ಟರಲ್ಲಿ ರಾಜಕುಮಾರಿ ಚಂದಲದೇವಿಯ ದೂತ ಬಂದ. ಅವಳು ಹೇಳಿ ಕಳಿಸಿದ್ದು ಇಷ್ಟೇ: "ಸಂಜೆ ದೊರೆಗಳು ಬರಬಹುದು. ಮೀಸೆ ಬರುವುದು ಬೇಡ."

ದೊರೆ ಕನ್ನಡಿಯ ಮುಂದೆ ನಿಂತು ಎರಡು ಹನಿ ಕಣ್ಣೀರು ಹಾಕಿದ. ಆದರೆ ಅವಳ ಚಿತ್ರ ನೋಡಿ ಆಗಲೇ ಮನಸ್ಸು ಸೋತಿದ್ದ. "ಮಾಯಣ್ಣ, ಕ್ಷೌರಿಕನನ್ನು ಕರೆದು ತಾ" ಎಂದ.

ಮಾಯಣ್ಣ ಪೇಟೆಗೆ ಹೋಗಿ ಚಂದಯ್ಯ ಎಂಬ ಕ್ಷೌರಿಕನನ್ನು ಕರೆತಂದ. ದಾರಿಯಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಚಂದಯ್ಯ ಕತ್ತಿ ಮಸೆದ, ನೀರು ಹಚ್ಚಿದ, ಬಲಗಡೆಯ ಮೀಸೆಯನ್ನು ನುಣ್ಣಗೆ ತೆಗೆದ. ಆಮೇಲೆ ಕತ್ತಿ ಒರೆಸಿ ಕೈ ಚಾಚಿದ.

"ಇದೇನಿದು?" ಎಂದ ದೊರೆ.

"ಹೊರಗಿನವರಾದರೆ ಅರ್ಧ ಕೆಲಸಕ್ಕೆ ಕೂಲಿ ತೊಗೋತೀನಿ ಸ್ವಾಮಿ. ಆಮೇಲೆ ಇನ್ನರ್ಧ."

ದೊರೆ ಬಂಕಹಣ ಕೊಟ್ಟ. ಚಂದಯ್ಯ ನಾಣ್ಯ ನೋಡಿದ, ದೊರೆಯನ್ನು ನೋಡಿದ, ಮತ್ತೆ ನಾಣ್ಯ ನೋಡಿದ.

"ಇದರಲ್ಲಿರೋರು ಯಾರು ಸ್ವಾಮಿ?"

"ನಾನೇ ಕಣಯ್ಯ!"

"ಇವರಿಗೆ ಎರಡೂ ಕಡೆ ಮೀಸೆ ಇದೆಯಲ್ಲ?"

ಹಿಂದೆ ನಿಂತಿದ್ದ ಸೇನಾಪತಿಗೆ ಕೆಮ್ಮು ಬಂತು.

"ಹೋಗಲಿ, ಹತ್ತು ತೊಗೋ!"

"ಹತ್ತಾದರೂ ಅಷ್ಟೇ ಸ್ವಾಮಿ. ಅಕ್ಕಿಯವನು ಮುಟ್ಟಲ್ಲ, ಸೊಪ್ಪಿನವಳು ಮುಟ್ಟಲ್ಲ. ನಾನೇನು ನಿಮ್ಮ ಮುಖ ಬೇಯಿಸಿ ತಿನ್ನಲಾ? ಈ ನಾಣ್ಯ ನಡೆಯೋ ಊರಿಗೆ ತಾವು ವಾಪಸು ಹೋದಾಗ ಹೇಳಿ ಕಳಿಸಿ. ಅಲ್ಲಿಗೇ ಬಂದು ಇನ್ನರ್ಧ ಬೋಳಿಸ್ತೀನಿ." ಚಂದಯ್ಯ ತನ್ನ ಪೆಟ್ಟಿಗೆ ಮುಚ್ಚಿದ.

"ನಾನು ನೋಡಲೆ ಪ್ರಭು?" ಎಂದು ಸೇನಾಪತಿ ಯುದ್ಧದ ಖಡ್ಗ ಹಿರಿದ. ದೊರೆ ಮೂಗಿಗೆ ಕೈ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಇನ್ನೇನು ಅರಮನೆಯವರು ಕರೆಯಲು ಬರುವ ಹೊತ್ತು. ಒಂದು ಕಡೆ ಬೆಟ್ಟ, ಒಂದು ಕಡೆ ಬಯಲು ಆದ ಮುಖ ಹೊತ್ತು ಹೋದರೆ ಮದುವೆಯ ಮಾತು ಅಲ್ಲಿಗೇ ಮುಗಿದಂತೆ.

"ಯಾರಾದರೂ ಚಿನಿವಾರನ ಅಂಗಡಿಗೆ ಓಡಿ! ನನ್ನ ಹಣ ಕೊಟ್ಟು ಈ ಊರಿನ ಕಾಸು ತನ್ನಿ!"

ಯಾರೂ ಓಡಲಿಲ್ಲ. ಇಡೀ ಪರಿವಾರ ಎರಡೂ ಕೈಯಿಂದ ಮೀಸೆ ಹಿಡಿದುಕೊಂಡು ನಿಂತಿತು.

"ಆ ಆಜ್ಞೆ ರದ್ದು!" ಎಂದು ದೊರೆ ಕಿರುಚಿದ.

"ಸಭೆಯಲ್ಲಿ ಕೊಟ್ಟ ಆಜ್ಞೆ ಸಭೆಯಲ್ಲೇ ರದ್ದಾಗಬೇಕು ಪ್ರಭು, ಅದು ನಿಮ್ಮ ತಾತನವರ ಕಾಲದ ಕಟ್ಟಳೆ. ಸಭೆ ಕಿರುಗುಂದದಲ್ಲಿದೆ" ಎಂದ ಮಾಯಣ್ಣ.

"ಹಾಗಾದರೆ ನಾನು ಸಾಯಲೆ? ನೀನೇ ಹೋಗೋ ಮಾಯಣ್ಣ!"

ಮಾಯಣ್ಣ ತಲೆಬಾಗಿದ. "ಪರದೇಶದ ಕಾಸು ಮುಟ್ಟಿದವರಿಗೆ ಅರ್ಧ ಮೀಸೆ ಬೋಳಿಸುವುದು ಶಿಕ್ಷೆ. ಇಡೀ ಬಿಡಾರದಲ್ಲಿ ಆ ಶಿಕ್ಷೆಯನ್ನು ಮುಂಗಡವಾಗಿ ಅನುಭವಿಸಿ ಮುಗಿಸಿರುವವರು ತಾವೊಬ್ಬರೇ ಪ್ರಭು. ತಾವು ಎಷ್ಟು ಬೇಕಾದರೂ ಮುಟ್ಟಬಹುದು!"

ದೊರೆ ಮುಖಕ್ಕೆ ಉತ್ತರೀಯ ಸುತ್ತಿಕೊಂಡು, ನಾಣ್ಯದ ಚೀಲ ಹೊತ್ತು, ತಾನೇ ಚಿನಿವಾರನ ಅಂಗಡಿಗೆ ಓಡಿದ. ಬರುವಾಗ ಅವನ ಕೈಯಲ್ಲಿ ಪಡುವಲದ ಕಾಸಿನ ಗಂಟು ಇತ್ತು. ಚಂದಯ್ಯನಿಗೆ ಕೂಲಿಯೂ ಸಿಕ್ಕಿತು, ಮೇಲೆ ಇನಾಮೂ ಸಿಕ್ಕಿತು. ಮಾಯಣ್ಣ ನೆನಪಿಸಿದ ಮೇಲೆ ಪಲ್ಲಕ್ಕಿಯವರನ್ನೂ ಹುಡುಕಿಸಿ ಕರೆದು ಕೊಟ್ಟದ್ದಾಯಿತು.

ಸಂಜೆ ಚಂದಲದೇವಿ ದೊರೆಯ ನುಣುಪು ಮುಖ ನೋಡಿ ನಕ್ಕಳು. "ಬಂದವರೆಲ್ಲ ನಮ್ಮ ಆಳುಗಳ ಕೈಗೆ ಕೆಲಸಕ್ಕೆ ಬಾರದ ಬಿಲ್ಲೆ ಹಾಕಿ ಹೋಗುತ್ತಾರೆ. ನೀವೊಬ್ಬರೇ ನಮ್ಮ ಕಾಸು ಕೊಟ್ಟಿರಂತೆ, ಅದೂ ಸ್ವತಃ ಅಂಗಡಿಗೆ ಹೋಗಿ ತಂದು. ನನಗೆ ಒಪ್ಪಿಗೆ" ಎಂದಳು.

ಬಿಡಾರಕ್ಕೆ ಮರಳಿದ ದೊರೆಗೆ ಖುಷಿಯೋ ಖುಷಿ. "ಮಾಯಣ್ಣ, ಏನು ಬೇಕು ಕೇಳು! ಚಿನ್ನ ಕೇಳು, ಊರು ಕೇಳು!"

"ಊರಿಗೆ ಹೋದ ಕೂಡಲೇ ಸಭೆ ಕರೆದು ಆ ಆಜ್ಞೆ ರದ್ದು ಮಾಡಿ ಪ್ರಭು. ಅಷ್ಟು ಸಾಕು."

"ಅಷ್ಟೇನಾ? ಇನ್ನು ಅದರ ಚಿಂತೆ ನಿನಗ್ಯಾಕೋ?"

"ನನಗಲ್ಲ ಪ್ರಭು, ತಮಗೆ. ಇಲ್ಲದಿದ್ದರೆ ಮಾವನ ಮನೆಗೆ ಬರುವಾಗಲೆಲ್ಲ ತಾವು ಮೊದಲು ಮೀಸೆ ಬೆಳೆಸಬೇಕು, ಆಮೇಲೆ ಅರ್ಧ ಬೋಳಿಸಬೇಕು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಪಡುವಲದ ಕಾಸಿನ ಗಂಟಿನಲ್ಲಿ ಉಳಿದದ್ದನ್ನೆಲ್ಲ ಮಾಯಣ್ಣನ ಕಡೆ ಎಸೆದ. ಮಾಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಸಭೆ ಸೇರುವವರೆಗೆ ಅಲ್ಲೇ ಬಿದ್ದಿರಲಿ ಪ್ರಭು" ಎಂದ.